ಸೊರಗಿದ ಕಾಂಪೌಂಡ್ ಗಿಡವನ್ನು ಬೋನ್ಸಾಯ್ ಮಾಡುವ ಬಗೆ

ಬೋನ್ಸಾಯ್‌ಗೆ ಬೇಕಾದದ್ದರಲ್ಲಿ ಅವಸರಕ್ಕೆ ಒದಗದ ಒಂದು ವಸ್ತು ಇದೆ. ಅದು ದಪ್ಪ ಬುಡ. ಎಲೆ ಎರಡು ತಿಂಗಳಲ್ಲಿ ಬರುತ್ತದೆ, ಕೊಂಬೆ ಎರಡು ವರ್ಷದಲ್ಲಿ ಬರುತ್ತದೆ. ಬುಡ ಮಾತ್ರ ನೆಲದಲ್ಲಿ ಬೇರು ಚಾಚಿಕೊಂಡು ವರ್ಷಗಟ್ಟಲೆ ಬೆಳೆದರೇ ಮುಷ್ಟಿ ಗಾತ್ರಕ್ಕೆ ಬರುವುದು. ಚಪ್ಪಟೆ ಕುಂಡಕ್ಕೆ ಇಳಿಸಿದ ಮೇಲೆ ಅದು ದಪ್ಪವಾಗುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ಪೆನ್ಸಿಲ್ ಗಾತ್ರದ ಸಸಿ ತಂದು ಪುಟ್ಟ ಕುಂಡದಲ್ಲಿಟ್ಟು ಕಾಯುವವರಿಗಿಂತ, ಕಾಂಪೌಂಡ್ ಪಕ್ಕ ನಾಲ್ಕು ಎಲೆ ಹೊತ್ತು ಸೊರಗಿ ನಿಂತ ಹಳೆಯ ಕಾಗದದ ಹೂವಿನ ಗಿಡವೋ ನಂದಿಬಟ್ಟಲೋ ಇರುವವರು ಹತ್ತು ವರ್ಷ ಮುಂದಿದ್ದಾರೆ. ಬೆಂಗಳೂರಿನಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ ಇಂಥ ಗಿಡಗಳು ಮಣ್ಣು, ಇಟ್ಟಿಗೆ ಚೂರಿನ ಜೊತೆ ಟ್ರ್ಯಾಕ್ಟರ್ ಹತ್ತಿ ಹೋಗುತ್ತವೆ. ಮನೆಯವರನ್ನು ಕೇಳಿದರೆ ಸಂತೋಷವಾಗಿ ಕೊಡುತ್ತಾರೆ. ಪಾರ್ಕು, ರಸ್ತೆ ಬದಿ, ಕಾಡಿನ ಗಿಡಕ್ಕೆ ಮಾತ್ರ ಕೈ ಹಾಕಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಭಾನುವಾರ ಬೆಳಿಗ್ಗೆ ಗಿಡ ಕೀಳುವುದು, ಮಧ್ಯಾಹ್ನ ಬೇರನ್ನೂ ಕೊಂಬೆಯನ್ನೂ ಕತ್ತರಿಸುವುದು, ಸಂಜೆ ಚಂದದ ಚಪ್ಪಟೆ ಕುಂಡದಲ್ಲಿ ಕೂರಿಸಿ ತಂತಿ ಸುತ್ತುವುದು. ಮೂರು ವಾರದಲ್ಲಿ ಗಿಡ ಕಟ್ಟಿಗೆ. ಕತ್ತರಿಸಿದ ಗಿಡ ಮತ್ತೆ ಚಿಗುರುವುದು ಕಾಂಡ ಮತ್ತು ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ. ಸೊರಗಿದ ಗಿಡದ ಕಣಜ ಮೊದಲೇ ಖಾಲಿಯಾಗಿರುತ್ತದೆ. ಅದರಿಂದ ಮೊದಲು ಕಣಜ ತುಂಬಿಸಬೇಕು, ಆಮೇಲೆ ಕತ್ತರಿ ಹಿಡಿಯಬೇಕು. ಆಗಲೂ ಒಂದು ಹಂಗಾಮಿಗೆ ಒಂದೇ ಪೆಟ್ಟು: ಎತ್ತುವುದು ಮತ್ತು ಅಂದು ಬೇಕಾದ ಕತ್ತರಿಕೆ ಸೇರಿ ಒಂದು, ತಂತಿ ಇನ್ನೊಂದು, ಚಪ್ಪಟೆ ಕುಂಡ ಮತ್ತೊಂದು. ಈ ಬರಹದ ಉಳಿದ ಭಾಗವೆಲ್ಲ ಆ ಪೆಟ್ಟುಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಎಂಬುದರ ಬಗ್ಗೆಯೇ.

ಯಾವ ಗಿಡ ಆರಿಸಬೇಕು

ಮೊದಲ ಸಲ ಮಾಡುವವರಿಗೆ ಕಾಗದದ ಹೂವಿನಷ್ಟು ಕ್ಷಮಿಸುವ ಗಿಡ ಬೇರೆ ಇಲ್ಲ. ಬಿಸಿಲು, ಬರ, ಗರಗಸ ಎಲ್ಲವನ್ನೂ ತಡೆಯುತ್ತದೆ, ಬರೀ ಮೋಟಿನಿಂದಲೂ ಬೇರು ಬಿಡುತ್ತದೆ. ನಂದಿಬಟ್ಟಲು, ಅದರಲ್ಲೂ ಬೇಲಿಗೆ ಹಾಕುವ ಸಣ್ಣೆಲೆಯ ಗಿಡ್ಡ ಜಾತಿ, ಚೆನ್ನಾಗಿ ಒಗ್ಗುತ್ತದೆ. ಡುರಾಂಟಾ ಬೇಗ ಬೆಳೆಯುತ್ತದೆ, ತಪ್ಪು ಮಾಡಿ ತಿದ್ದಿಕೊಳ್ಳಲು ಒಳ್ಳೆಯದು. ಕಾಮಿನಿಯ (ಇಂಗ್ಲಿಷಿನಲ್ಲಿ ಆರೆಂಜ್ ಜಾಸ್ಮಿನ್) ಬುಡ ಬಿಳಿಚಾಗಿ, ಗಟ್ಟಿಯಾಗಿ, ವಯಸ್ಸಾದ ಮರದ ಹಾಗೇ ಕಾಣುತ್ತದೆ, ಮಳೆ ಬಿದ್ದ ಮೇಲೆ ಘಮಘಮ ಹೂ ಬಿಡುತ್ತದೆ. ಆದರೆ ಅದು ನಿಧಾನಸ್ಥ ಗಿಡ, ಬೇರಿಗೆ ಏಟಾದರೆ ಬೇಗ ಮರೆಯುವುದಿಲ್ಲ. ದಾಳಿಂಬೆಯ ಕಾಂಡ ತಾನಾಗಿಯೇ ತಿರುಚಿಕೊಂಡು ಬೆಳೆಯುವುದರಿಂದ ಅರ್ಧ ಕೆಲಸ ಗಿಡವೇ ಮಾಡಿಟ್ಟಿರುತ್ತದೆ.

ದಾಸವಾಳ ಬೇಡವೆನ್ನಲು ಮನಸ್ಸು ಬಾರದಿದ್ದರೂ ಹೇಳಲೇಬೇಕು. ಎಲೆ ದೊಡ್ಡದು, ಹೂ ಅದಕ್ಕಿಂತ ದೊಡ್ಡದು, ದಪ್ಪ ಗಾಯ ಮುಚ್ಚುವ ಮೊದಲೇ ಒಳಗೆ ಕೊಳೆಯುತ್ತದೆ. ಒಂದೂವರೆ ಅಡಿಗಿಂತ ಎತ್ತರದ ಬೋನ್ಸಾಯ್ ಮಾಡುವುದಾದರೆ ಮಾತ್ರ ನೋಡಿ. ಕಣಗಿಲೆಯ ಎಲ್ಲ ಭಾಗವೂ ವಿಷ. ಮಕ್ಕಳು, ನಾಯಿ ಇರುವ ಮನೆಯಲ್ಲಿ ಕೈಗೆಟಕುವ ಮೇಜಿನ ಮೇಲೆ ಅದನ್ನು ಇಡುವುದು ಬೇಡ.

ಜಾತಿಗಿಂತ ಮುಖ್ಯ ಬುಡದ ಆಕಾರ. ಕೂತು ನೋಡಿ, ನಿಂತು ನೋಡಬೇಡಿ. ಬುಡದ ಸುತ್ತ ಎರಡು ಬೆರಳು ಆಳಕ್ಕೆ ಮಣ್ಣು ಕೆದಕಿ. ಬೇರುಗಳು ಕೋಳಿ ಕಾಲಿನ ಹಾಗೆ ಸುತ್ತಲೂ ಹರಡಿದ್ದರೆ, ಬುಡ ಅಗಲವಾಗಿ ಮೇಲೆ ಹೋಗುತ್ತಾ ಸಪೂರವಾಗಿದ್ದರೆ, ಕೆಳಗಿನ ಒಂದಡಿಯೊಳಗೆ ಎಲ್ಲಾದರೂ ಒಂದು ಬಾಗು ಇದ್ದರೆ ಅದನ್ನು ಬಿಡಬೇಡಿ. ಎಷ್ಟೇ ದಪ್ಪವಿದ್ದರೂ ನೀರಿನ ಪೈಪಿನ ಹಾಗೆ ನೆಟ್ಟಗೆ, ಒಂದೇ ಗಾತ್ರದಲ್ಲಿ ಎದ್ದ ಕಾಂಡ ಹೊಸಬರಿಗೆ ಕಷ್ಟ ಕೊಡುತ್ತದೆ.

ಜೀವ ಇದೆಯೇ, ಸೊರಗಿದ್ದು ಏಕೆ

ಉಗುರಿನಿಂದ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆಯಿರಿ. ಒಳಗೆ ಹಸಿರು ಅಥವಾ ತೇವದ ತಿಳಿಬಿಳುಪು ಕಂಡರೆ ಅಲ್ಲಿ ಜೀವ ಇದೆ. ಕಂದು, ಪುಡಿ ಪುಡಿಯಾದರೆ ಇಲ್ಲ. ತುದಿಯಿಂದ ಶುರುಮಾಡಿ ಕೆಳಗೆ ಬನ್ನಿ. ದಪ್ಪ ಕಾಂಡದಲ್ಲಿ ನಾಲ್ಕೂ ದಿಕ್ಕಿನಲ್ಲಿ ನೋಡಬೇಕು. ಹಳೆಯ ಕಾಗದದ ಹೂವಿನಲ್ಲಿ ಒಂದು ಪಕ್ಕ ಪೂರ್ತಿ ಸತ್ತು, ಇನ್ನೊಂದು ಪಕ್ಕದ ಪಟ್ಟಿಯಲ್ಲಿ ಮಾತ್ರ ರಸ ಹರಿಯುತ್ತಿರುವುದು ಸಾಮಾನ್ಯ. ಅದು ದೋಷವಲ್ಲ, ಆ ಸತ್ತ ಭಾಗವೇ ಮುಂದೆ ಗಿಡಕ್ಕೆ ವಯಸ್ಸು ಕೊಡುತ್ತದೆ. ಆದರೆ ನೆಲಮಟ್ಟದಲ್ಲಿ ತೊಗಟೆ ಸುತ್ತಲೂ ಕಂದಾಗಿ ಒತ್ತಿದರೆ ಮೆತ್ತಗೆ ಕುಸಿಯುತ್ತಿದ್ದರೆ, ಕೊಳೆತ ವಾಸನೆ ಬರುತ್ತಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ ಆಸೆ ಬಿಡಿ.

ಜೀವ ಇದೆ ಎಂದಾದರೆ ಕಾರಣ ಹುಡುಕಿ. ಕಾರಣ ತಿಳಿಯದೆ ಗೊಬ್ಬರ ಸುರಿಯುವುದು ಜ್ವರ ಬಂದವರಿಗೆ ಹೋಳಿಗೆ ಬಡಿಸಿದಂತೆ. ಮಣ್ಣು ಒದ್ದೆಯಿದ್ದೂ ಎಲೆ ಬಾಡಿದ್ದರೆ ಬೇರು ಕೊಳೆತಿದೆ. ಬಟ್ಟೆ ಒಗೆದ ನೀರು, ಹುಲ್ಲಿಗೆ ಬಿಡುವ ನೀರು ಅಲ್ಲೇ ಹೋಗಿ ನಿಲ್ಲುತ್ತಿದೆಯೇ ನೋಡಿ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣಾಂಶ ಸಿಗುತ್ತಿಲ್ಲ. ಮನೆ ಕಟ್ಟಿದ ಸಿಮೆಂಟು ಗಾರೆ ಮಣ್ಣಿಗೆ ಬಿದ್ದ ಕಡೆ, ಗಡಸು ಬೋರ್‌ವೆಲ್ ನೀರು ಹಾಕುವ ಕಡೆ ಕಾಮಿನಿಯಲ್ಲಿ ಇದು ಮಾಮೂಲು. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಹೆಚ್ಚಾದಾಗ ಬೇರು ಅದನ್ನು ಎಳೆದುಕೊಳ್ಳಲಾರದು. ಹಳೆಯ ಎಲೆ ಒಟ್ಟಿಗೆ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕ ಸಾಲುತ್ತಿಲ್ಲ ಅಥವಾ ನೀರು ಹೆಚ್ಚಾಗಿದೆ. ಕಾಂಡದ ಮೇಲೆ ಇರುವೆ ಸಾಲು ಹತ್ತಿಳಿಯುತ್ತಿದ್ದರೆ ಕುಡಿ ಮತ್ತು ಗಂಟುಗಳಲ್ಲಿ ರಸ ಹೀರುವ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಇರುವುದು ಸಾಮಾನ್ಯ. ಪಕ್ಕದಲ್ಲಿ ಮೂರಂತಸ್ತು ಎದ್ದು ಬಿಸಿಲೇ ಬೀಳದಿದ್ದರೆ ಕಾಗದದ ಹೂವಿಗೆ ಬೇರೆ ಕಾಯಿಲೆಯೇ ಬೇಕಿಲ್ಲ.

ಕಣ್ಣಿಗೆ ಬೀಳದ ಇನ್ನೊಂದು ಕಾರಣವೆಂದರೆ ಬುಡದ ಮೇಲೆ ಪೇರಿಸಿದ ಮಣ್ಣು. ಕಟ್ಟಡದ ಮಣ್ಣು, ಕಸ ಗುಡಿಸಿ ತಂದು ಬುಡಕ್ಕೆ ಒತ್ತರಿಸುತ್ತಾ ಬಂದು ಅರ್ಧ ಅಡಿ ಕಾಂಡ ಹೂತುಹೋಗಿರುತ್ತದೆ. ತೊಗಟೆಗೆ ಗಾಳಿ ಸಿಗದೆ ಗಿಡ ಕುಗ್ಗುತ್ತದೆ. ಅದನ್ನು ಒಂದೇ ದಿನ ಬಗೆಯದೆ, ವಾರಕ್ಕೆ ಎರಡು ಬೆರಳಿನಷ್ಟು ತೆಗೆಯುತ್ತಾ ಬನ್ನಿ. ಮಣ್ಣಿನೊಳಗೆ ನಾಜೂಕಾಗಿದ್ದ ತೊಗಟೆ ಬಿಸಿಲಿಗೆ ಒಮ್ಮೆಗೇ ಬಿದ್ದರೆ ಸುಟ್ಟು ಬಿರಿಯುತ್ತದೆ.

ಇದ್ದಲ್ಲೇ ಚೇತರಿಕೆ: ಒಂದು ಮಳೆಗಾಲ

ಈ ಹಂತದಲ್ಲಿ ಸತ್ತ ಕೊಂಬೆ ಬಿಟ್ಟು ಇನ್ನೇನನ್ನೂ ಕತ್ತರಿಸಬೇಡಿ. ಅಡ್ಡಾದಿಡ್ಡಿ ಬೆಳೆದರೂ ಇರಲಿ. ಪ್ರತಿ ಹಸಿರೆಲೆಯೂ ಕಣಜಕ್ಕೆ ಕಾಳು ತರುತ್ತಿದೆ.

ಬುಡದಿಂದ ಒಂದು ಗೇಣು ಬಿಟ್ಟು, ಹೊರಗಿನ ಮಣ್ಣನ್ನು ಐದು ಸೆಂಟಿಮೀಟರ್ ಆಳಕ್ಕಷ್ಟೇ ಸಡಿಲಿಸಿ. ಎರಡು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಬೆರೆಸಿ ಹರಡಿ. ಮೇಲೆ ಒಣ ತರಗೆಲೆಯ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ತಾಗಿದರೆ ಅಲ್ಲಿ ತೇವ ನಿಂತು ಗೆದ್ದಲಿಗೆ ದಾರಿಯಾಗುತ್ತದೆ. ಬೆರಳು ಚುಚ್ಚಿ ಎರಡು ಗೆಣ್ಣು ಆಳದಲ್ಲಿ ಒಣಗಿದ್ದರೆ ಹತ್ತು ಲೀಟರ್ ನೀರನ್ನು ನಿಧಾನವಾಗಿ ಹಿಂಗುವಂತೆ ಬಿಡಿ. ದಿನಾ ಒಂದು ಚೊಂಬು ಹಾಕುವುದರಿಂದ ಮೇಲ್ಮಣ್ಣು ಮಾತ್ರ ಒದ್ದೆಯಾಗುತ್ತದೆ.

ಹಿಟ್ಟು ತಿಗಣೆಗೆ ಮೊದಲು ಪೈಪಿನ ನೀರನ್ನು ಜೋರಾಗಿ ಹಾಯಿಸಿ ಉದುರಿಸಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ದ್ರವ ಸಾಬೂನು ಕಲಸಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೂ ಗಂಟುಗಳಿಗೂ ಸಿಂಪಡಿಸಿ. ವಾರ ಬಿಟ್ಟು ವಾರದಂತೆ ಮೂರು ಸಲ ಆಗಬೇಕು, ಏಕೆಂದರೆ ಮೊಟ್ಟೆಗಳು ಮೊದಲ ಸಿಂಪಡಣೆಗೆ ಸಾಯುವುದಿಲ್ಲ. ಮಟಮಟ ಮಧ್ಯಾಹ್ನ ಹೊಡೆದರೆ ಎಣ್ಣೆ ಅಂಟಿದ ಎಲೆ ಸುಡುತ್ತದೆ. ಇರುವೆಗಳನ್ನು ತಡೆಯದಿದ್ದರೆ ಅವು ತಿಗಣೆಯನ್ನು ಮತ್ತೆ ಹೊತ್ತು ತರುತ್ತವೆ. ಕಬ್ಬಿಣದ ಕೊರತೆಗೆ ಇಡಿಟಿಎ ರೂಪದ, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವಂತೆ ತಯಾರಿಸಿದ ಕಬ್ಬಿಣವನ್ನು ಲೀಟರಿಗೆ ಅರ್ಧ ಗ್ರಾಂನಂತೆ ಎಲೆಗೆ ಸಿಂಪಡಿಸಿ, ಸಾಧ್ಯವಾದಾಗಲೆಲ್ಲ ಮಳೆನೀರು ಕೊಡಿ.

ಎರಡು ಸುತ್ತು ಹೊಸ ಚಿಗುರು ಬಂದು, ಆ ಚಿಗುರು ಗೇಣುದ್ದ ಬೆಳೆದು, ಎಲೆ ಕಡುಹಸಿರಿಗೆ ತಿರುಗಿದರೆ ಗಿಡ ಪೆಟ್ಟು ತಡೆಯಲು ಸಿದ್ಧ. ಅಷ್ಟು ಬರದಿದ್ದರೆ ಇನ್ನೊಂದು ಮಳೆಗಾಲ ಕಾಯಿರಿ. ಮನೆ ಕೆಡವುವ ಗಡುವು ಇದ್ದು ಕಾಯಲಾಗದಿದ್ದಾಗ ಆದಷ್ಟು ದೊಡ್ಡ ಮಣ್ಣಿನ ಗಡ್ಡೆ ಸಮೇತ ಎತ್ತಿ, ದೊಡ್ಡ ಡ್ರಮ್ಮಿನಲ್ಲೋ ಬೇರೆ ನೆಲದಲ್ಲೋ ಹಾಗೆಯೇ ನೆಟ್ಟು, ಈ ಚೇತರಿಕೆಯನ್ನು ಅಲ್ಲಿ ಮಾಡಿಸಬೇಕು.

ಎತ್ತುವ ಕಾಲ

ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಕಾಗದದ ಹೂ, ನಂದಿಬಟ್ಟಲು, ಡುರಾಂಟಾಗಳಿಗೆ ಮೃಗಶಿರಾ, ಆರಿದ್ರಾ ಮಳೆಯ ದಿನಗಳು, ಅಂದರೆ ಜೂನ್ ತಿಂಗಳು, ಹೇಳಿ ಮಾಡಿಸಿದಂತಿವೆ. ಗಾಳಿಯಲ್ಲಿ ತೇವ ಇರುತ್ತದೆ, ಮಣ್ಣು ಬೆಚ್ಚಗಿರುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಅದೇ ಜೂನ್‌ನಲ್ಲಿ ಗಾಯ ಕೊಳೆಯುತ್ತದೆ. ಅಲ್ಲಿ ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್ ಒಳ್ಳೆಯದು. ಕಲಬುರಗಿ, ವಿಜಯಪುರದವರು ಬೇಸಿಗೆ ಪೂರ್ತಿ ತಣಿದು ಎರಡು ಹದ ಮಳೆಯಾಗುವ ತನಕ ಮುಟ್ಟಬಾರದು. ದಾಳಿಂಬೆಯನ್ನು ಎಲೆ ಉದುರಿಸಿ ಮೊಗ್ಗು ಉಬ್ಬುವ ಮುಂಚಿನ ಜನವರಿ ಕೊನೆ, ಫೆಬ್ರವರಿಯಲ್ಲಿ ಎತ್ತಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಯಾವ ಗಿಡವನ್ನೂ ಬೇಡ.

ಕಾಮಿನಿ, ದಾಳಿಂಬೆಗೆ ಇನ್ನೊಂದು ಮುನ್ನೆಚ್ಚರಿಕೆ ಬೇಕು. ಎತ್ತುವ ಏಳೆಂಟು ತಿಂಗಳು ಮೊದಲು, ಮಳೆಗಾಲದ ಆರಂಭದಲ್ಲಿ, ಬುಡದಿಂದ ಒಂದು ಚೋಟು, ಅಂದರೆ ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಅರ್ಧಚಂದ್ರಾಕಾರದ ಕಾಲುವೆ ತೋಡಿ. ಒಂದಡಿ ಆಳ, ಗುದ್ದಲಿಯಷ್ಟು ಅಗಲ ಸಾಕು. ಅಡ್ಡ ಬಂದ ಬೇರುಗಳನ್ನು ಗರಗಸದಿಂದ ನಯವಾಗಿ ಕತ್ತರಿಸಿ, ಕಾಲುವೆಗೆ ದಪ್ಪ ಮರಳು ಮತ್ತು ಎರೆಗೊಬ್ಬರ ಸಮ ಪ್ರಮಾಣದಲ್ಲಿ ಬೆರೆಸಿ ತುಂಬಿ. ಉಳಿದ ಅರ್ಧವನ್ನು ಎರಡು ತಿಂಗಳ ನಂತರ ಮಾಡಿ. ಕತ್ತರಿಸಿದ ತುದಿಗಳಿಂದ ಕೂದಲಿನಂಥ ಬೇರುಗಳು ಆ ಸಡಿಲ ಮಣ್ಣಿಗೆ ಇಳಿಯುತ್ತವೆ. ನೀರು ಕುಡಿಯುವುದು ಈ ಕೂದಲು ಬೇರುಗಳೇ. ಹಗ್ಗದಂಥ ದಪ್ಪ ಬೇರು ಕೊಳವೆ ಮಾತ್ರ. ದಾಳಿಂಬೆಯನ್ನು ಮರುವರ್ಷದ ಫೆಬ್ರವರಿಯಲ್ಲಿ, ಕಾಮಿನಿಯನ್ನು ಫೆಬ್ರವರಿ ಕೊನೆಯಲ್ಲಿ ಅಥವಾ ಮುಂದಿನ ಜೂನ್‌ನಲ್ಲಿ ಎತ್ತಿದರೆ ಗಿಡಕ್ಕೆ ಗೊತ್ತೇ ಆಗುವುದಿಲ್ಲ ಎನ್ನುವಷ್ಟು ಸಲೀಸು.

ಮಣ್ಣಲ್ಲದ ಮಣ್ಣು

ಅತಿ ಹೆಚ್ಚು ಗಿಡ ಸಾಯುವುದು ಇಲ್ಲಿಯೇ, ಅದರಿಂದ ಸ್ವಲ್ಪ ವಿವರವಾಗಿ. ಯಾವ ಕುಂಡದಲ್ಲಾದರೂ ನೀರು ಬಸಿದ ಮೇಲೆ ತಳದಲ್ಲಿ ಒಂದು ಪದರ ತೊಯ್ದೇ ಉಳಿಯುತ್ತದೆ. ಆ ಪದರದ ದಪ್ಪವನ್ನು ತೀರ್ಮಾನಿಸುವುದು ಮಣ್ಣಿನ ಕಣದ ಗಾತ್ರ, ಕುಂಡದ ಆಳವಲ್ಲ. ಒಂದಡಿ ಆಳದ ಕುಂಡದಲ್ಲಿ ಎರಡಿಂಚು ತೊಯ್ದಿದ್ದರೆ ಮೇಲಿನ ಹತ್ತಿಂಚಿನಲ್ಲಿ ಬೇರು ಉಸಿರಾಡುತ್ತದೆ. ಎರಡಿಂಚಿನ ಬೋನ್ಸಾಯ್ ತಟ್ಟೆಯಲ್ಲಿ ಅದೇ ಮಣ್ಣು ಹಾಕಿದರೆ ಇಡೀ ಬೇರು ನೀರಿನಲ್ಲೇ ಮುಳುಗಿರುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆಂಬ ನಂಬಿಕೆಯೂ ತಪ್ಪು, ತೊಯ್ದ ಪದರ ಜಲ್ಲಿಯ ಮೇಲೆ ಹತ್ತಿ ಕೂರುತ್ತದೆ ಅಷ್ಟೆ. ಪರಿಹಾರ ಒಂದೇ, ಇಡೀ ಮಿಶ್ರಣವೇ ದಪ್ಪ ಕಣದ್ದಾಗಿರಬೇಕು. ಕೈತೋಟದ ಕೆಂಪು ಮಣ್ಣು ಬೇಡ. ಒಣಗಿದಾಗ ಗಾರೆ, ನೆನೆದಾಗ ಕೆಸರು.

ಎತ್ತಿದ ಗಿಡ ಮೊದಲ ಎರಡು ಮೂರು ವರ್ಷ ಬೆಳೆಯುವುದು ಚಪ್ಪಟೆ ಕುಂಡದಲ್ಲಲ್ಲ, ಟಬ್ಬಿನಲ್ಲಿ. 34 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಆಳದ ದುಂಡನೆಯ ಟಬ್ಬಿಗೆ ಸುಮಾರು 16 ಲೀಟರ್ ಮಿಶ್ರಣ ಹಿಡಿಯುತ್ತದೆ. ಲೀಟರ್ ಡಬ್ಬಿಯಲ್ಲಿ 8 ಅಳತೆ ಇಟ್ಟಿಗೆ ಚೂರು, 5 ಅಳತೆ ದಪ್ಪ ಮರಳು, 3 ಅಳತೆ ಜರಡಿ ಹಿಡಿದ ಎರೆಗೊಬ್ಬರ ಅಥವಾ ಎಲೆಗೊಬ್ಬರ. ಇಟ್ಟಿಗೆಯನ್ನು ಜಜ್ಜಿ ಎರಡು ಜರಡಿಯಲ್ಲಿ ಹಿಡಿಯಿರಿ. 6 ಮಿ.ಮೀ. ಕಣ್ಣಿನಲ್ಲಿ ಇಳಿದು 2 ಮಿ.ಮೀ. ಕಣ್ಣಿನ ಮೇಲೆ ನಿಂತದ್ದು ಮಾತ್ರ ನಮಗೆ ಬೇಕಾದದ್ದು. ಕೆಳಗೆ ಇಳಿದ ಪುಡಿಯನ್ನು ದುರಾಸೆಯಿಂದ ಸೇರಿಸಿದರೆ ಅದೇ ತೂತುಗಳನ್ನು ಮುಚ್ಚುತ್ತದೆ. ಕಲ್ಲು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡಿನಲ್ಲಿ ದೂಳು ಜಾಸ್ತಿ, ತೊಳೆದು ಜರಡಿ ಹಿಡಿಯದೆ ಬಳಸಬೇಡಿ.

ಇಟ್ಟಿಗೆಯ ಪರೀಕ್ಷೆ ಹೀಗೆ. ನಾಲ್ಕು ಚೂರನ್ನು ಲೋಟದ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಬೆರಳುಗಳ ನಡುವೆ ಹಿಸುಕಿದಾಗ ಚೂರು ಹಾಗೇ ಗಟ್ಟಿಯಾಗಿದ್ದು, ನೀರು ತಿಳಿಯಾಗಿದ್ದರೆ ಚೆನ್ನಾಗಿ ಬೆಂದ ಇಟ್ಟಿಗೆ. ಕೆಂಪು ರಾಡಿಯಾಗಿ ಬೆರಳಿಗೆ ಮೆತ್ತಿದರೆ ಅರೆಬೆಂದದ್ದು, ಆರು ತಿಂಗಳಲ್ಲಿ ಕುಂಡದೊಳಗೆ ಜೇಡಿಯಾಗುತ್ತದೆ. ಹಳೆ ಮನೆಯ ಇಟ್ಟಿಗೆಗೆ ಅಂಟಿದ ಸುಣ್ಣದ ಗಾರೆಯನ್ನೂ ಕೆತ್ತಿ ತೆಗೆಯಿರಿ.

ಟಬ್ ಯಾವುದಾದರೂ ಸರಿ, ತಳದಲ್ಲಿ ಬೆರಳು ತೂರುವಂಥ ಐದಾರು ತೂತು ಇರಲಿ. ಕಾಮಿನಿಯಂಥ ದೊಡ್ಡ ಗಡ್ಡೆಗೆ ಹಣ್ಣಿನಂಗಡಿಯ ಪ್ಲಾಸ್ಟಿಕ್ ಕ್ರೇಟಿಗೆ ಸೊಳ್ಳೆಪರದೆಯ ಬಲೆ ಹಾಸಿದರೆ ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಪಕ್ಕದ ಕಿಂಡಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ, ಹಿಂದೆ ಕವಲೊಡೆಯುತ್ತದೆ.

ಎತ್ತುವ ದಿನ

ಹಿಂದಿನ ದಿನ ಗಿಡಕ್ಕೆ ಹೊಟ್ಟೆ ತುಂಬ ನೀರುಣಿಸಿ. ಟಬ್, ಮಿಶ್ರಣ, ಗರಗಸ, ಸಿಕೇಚರ್ (ಕೊಂಬೆ ಕತ್ತರಿ), ಹರಿತ ಚಾಕು, ಕಟ್ಟಲು ತಂತಿ, ಒದ್ದೆ ಗೋಣಿಚೀಲ, ಮುಳ್ಳಿಗೆ ದಪ್ಪ ಕೈಗವಸು, ಗಾಯಕ್ಕೆ ಬೋರ್ಡೋ ಮುಲಾಮು ಎಲ್ಲ ಕೈಗೆ ಸಿಗುವಂತಿರಲಿ. ಗಿಡ ಎತ್ತಿದ ಮೇಲೆ ಹುಡುಕಾಡಿದಷ್ಟು ಹೊತ್ತೂ ಬೇರು ಒಣಗುತ್ತಿರುತ್ತದೆ. ಕತ್ತರಿಸುವ ಅಲಗುಗಳನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಬೋರ್ಡೋ ಮುಲಾಮು ಅಡಿಕೆ, ದಾಳಿಂಬೆ ಬೆಳೆಯುವವರಿಗೆ ಹೊಸದಲ್ಲ. 50 ಗ್ರಾಂ ಮೈಲುತುತ್ತವನ್ನು ಕಾಲು ಲೀಟರ್ ನೀರಿನಲ್ಲಿ, 50 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು ಕಾಲು ಲೀಟರ್‌ನಲ್ಲಿ, ಪ್ಲಾಸ್ಟಿಕ್ ಪಾತ್ರೆಗಳಲ್ಲೇ ಬೇರೆ ಬೇರೆ ಕರಗಿಸಿ, ಎರಡನ್ನೂ ಮೂರನೇ ಪಾತ್ರೆಗೆ ಒಟ್ಟಿಗೆ ಸುರಿದು ಕಲಸಿ. ಕಬ್ಬಿಣದ ಚಾಕುವಿನ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಪೊರೆ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಬೇಕು, ಇಲ್ಲದಿದ್ದರೆ ತೊಗಟೆ ಸುಡುತ್ತದೆ. ಅಂದು ಮಾಡಿದ್ದು ಅಂದೇ ಮುಗಿಯಬೇಕು.

ಮೊದಲು ಮೇಲ್ಭಾಗ. ಬುಡದ ದಪ್ಪದ ಆರು ಪಟ್ಟು ಎತ್ತರವಿದ್ದರೆ ಬೋನ್ಸಾಯ್ ಕಣ್ಣಿಗೆ ಮರದಂತೆ ಕಾಣುತ್ತದೆ ಎಂಬುದು ಬಳಕೆಯ ಲೆಕ್ಕ. 5 ಸೆಂಟಿಮೀಟರ್ ಬುಡಕ್ಕೆ 30 ಸೆಂಟಿಮೀಟರ್. ಆದರೆ ಕಾಂಡವನ್ನು 30ಕ್ಕೆ ಕತ್ತರಿಸಿದರೆ ಅದು ಗೂಟವಾಗುತ್ತದೆ. 12ರಿಂದ 15 ಸೆಂಟಿಮೀಟರ್‌ಗೆ, ಒಂದು ಕೊಂಬೆಯೋ ಗಂಟೋ ಇರುವ ಜಾಗದ ಮೇಲೆ ಕತ್ತರಿಸಿ. ಉಳಿದ ಎತ್ತರ ಹೊಸ ಚಿಗುರಿನಿಂದ ಬರುತ್ತದೆ, ಅದು ಸಪೂರವಾಗಿರುವುದರಿಂದ ಕಾಂಡ ತಾನಾಗಿ ಬುಡದಿಂದ ತುದಿಗೆ ಇಳಿಮುಖವಾಗುತ್ತದೆ. ಕಾಗದದ ಹೂವಿನಲ್ಲಿ ಕತ್ತರಿಸಿದ ಜಾಗ ಮುಂದಿನ ಗಂಟಿನವರೆಗೆ ಒಣಗುತ್ತಾ ಇಳಿಯುವುದುಂಟು. ಆದ್ದರಿಂದ ಬೇಕಾದ ಜಾಗಕ್ಕಿಂತ ಮೂರು ಸೆಂಟಿಮೀಟರ್ ಮೇಲೆ ಮೋಟು ಬಿಡಿ, ಅದನ್ನು ಮರುವರ್ಷ ನಯ ಮಾಡಿದರಾಯಿತು. ಕಾಮಿನಿಯನ್ನು ಇಷ್ಟು ಬೋಳಿಸಬೇಡಿ. ಅದರ ಪ್ರತಿ ಮುಖ್ಯ ಕೊಂಬೆಯಲ್ಲೂ ಒಂದಿಷ್ಟು ಹಸಿರೆಲೆ ಉಳಿಯಬೇಕು, ಪೂರಾ ಬೋಳಾದ ಕೊಂಬೆ ಒಣಗಿಬಿಡುವ ಸಂಭವ ಹೆಚ್ಚು.

ಆಮೇಲೆ ಒಂದು ಗೇಣು ದೂರದಲ್ಲಿ ಸುತ್ತ ಅಗೆದು, ಅಡಿಗೆ ಹಾರೆ ಹಾಕಿ ತಾಯಿಬೇರನ್ನು ಕತ್ತರಿಸಿ ಎತ್ತಿ. ಕಾಂಡ ಹಿಡಿದು ಜಗ್ಗಬೇಡಿ. ಕಾಗದದ ಹೂವಿನ ಬೇರು ಗಾಜಿನಂತೆ ಮುರಿಯುತ್ತದೆ, ಮಣ್ಣೆಲ್ಲ ಉದುರಿಹೋಗಿ ಬರೀ ಗಡ್ಡೆ ಕೈಗೆ ಬರುತ್ತದೆ. ಗಾಬರಿ ಬೇಡ, ಆರೋಗ್ಯವಾಗಿದ್ದ ಗಿಡ ಅದರಿಂದಲೂ ಏಳುತ್ತದೆ. ದಪ್ಪ ಬೇರುಗಳನ್ನು 10ರಿಂದ 12 ಸೆಂಟಿಮೀಟರ್ ಉಳಿಸಿ ಕತ್ತರಿಸಿ, ಗರಗಸದ ಜುಂಗನ್ನು ಚಾಕುವಿನಿಂದ ನಯಗೊಳಿಸಿ. ಹೊಸ ಬೇರು ಹೊರಡುವುದು ತೊಗಟೆಗೂ ಕಟ್ಟಿಗೆಗೂ ನಡುವಿನ ತೆಳು ಅಂಚಿನಿಂದ. ಅಂಚು ಹರಿದಿದ್ದರೆ ಅಲ್ಲಿ ಬೇರಿನ ಬದಲು ಕೊಳೆ ಹುಟ್ಟುತ್ತದೆ. ಕಾಮಿನಿ, ದಾಳಿಂಬೆಯ ಗಡ್ಡೆಯ ಮಣ್ಣನ್ನು ಅರ್ಧ ಮಾತ್ರ ಬಿಡಿಸಿ. ದಾಳಿಂಬೆ, ದಾಸವಾಳದ ಬೇರಿನಲ್ಲಿ ಸಣ್ಣ ಸಣ್ಣ ಗಂಟಿನ ಸರ ಕಂಡರೆ ಅದು ಜಂತುಹುಳು. ಆ ಬೇರುಗಳನ್ನು ಕತ್ತರಿಸಿ ಸುಡಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಸೇರಿಸಬೇಡಿ.

ಮೇಲಿನ ದೊಡ್ಡ ಗಾಯಗಳಿಗೆ ಮುಲಾಮು ಹಚ್ಚಿ, ಟಬ್ಬಿನಲ್ಲಿ ಮಿಶ್ರಣದ ದಿಣ್ಣೆ ಮಾಡಿ ಅದರ ಮೇಲೆ ಗಡ್ಡೆಯನ್ನು ತಿರುವಿ ಕೂರಿಸಿ. ಸುತ್ತ ಮಿಶ್ರಣ ಸುರಿಯುತ್ತಾ ಬಿದಿರು ಕಡ್ಡಿಯಿಂದ ಬೇರುಗಳ ಸಂದಿಗೆ ತುರುಕಿ. ಒಳಗೆ ಪೊಳ್ಳು ಉಳಿದರೆ ಅಲ್ಲಿನ ಬೇರು ಒಣಗುತ್ತದೆ. ಕೊನೆಗೆ ತೂತುಗಳ ಮೂಲಕ ತಂತಿ ಹಾಯಿಸಿ ಗಡ್ಡೆಯನ್ನು ಟಬ್ಬಿಗೆ ಬಿಗಿಯಾಗಿ ಕಟ್ಟಿ. ಕಾಂಡ ಹಿಡಿದು ಅಲ್ಲಾಡಿಸಿದರೆ ಟಬ್ಬೇ ಅಲ್ಲಾಡಬೇಕು. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಗಾಳಿಗೆ ಗಿಡ ತೂಗಿದಷ್ಟು ಸಲವೂ ನೂಲಿನಂಥ ಹೊಸ ಬೇರು ತುಂಡಾಗುತ್ತದೆ. ತಳದಿಂದ ತಿಳಿನೀರು ಬರುವ ತನಕ ನೀರು ಹಾಕಿ.

ಎರಡು ತಿಂಗಳ ಕಾವಲು

ಬಿಸಿಲು ನೇರ ಬೀಳದ, ಬೆಳಕು ಚೆನ್ನಾಗಿರುವ ಜಾಗದಲ್ಲಿಡಿ. ಕಾಂಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕವರನ್ನು ಸಡಿಲವಾಗಿ ಹೊದಿಸಿದರೆ ತೇವ ನಿಲ್ಲುತ್ತದೆ. ಬಿಸಿಲಿನಲ್ಲಿ ಅದೇ ಕವರು ಗಿಡವನ್ನು ಇಡ್ಲಿ ಬೇಯಿಸಿದಂತೆ ಬೇಯಿಸುತ್ತದೆ. ನೀರು ಮೇಲ್ಪದರ ಒಣಗಿದಾಗ ಮಾತ್ರ. ಎಲೆಯಿಲ್ಲದ ಗಿಡ ಕುಡಿಯುವುದು ಬಹಳ ಕಡಿಮೆ. ಗೊಬ್ಬರ ಬೇಡವೇ ಬೇಡ.

ಎರಡು ಮೂರು ವಾರಕ್ಕೆ ಕೆಂಪು ಮೊಗ್ಗು ಒಡೆದು ಚಿಗುರು ಬರುತ್ತದೆ. ಗೆದ್ದೆವು ಎಂದುಕೊಂಡು ಬಿಸಿಲಿಗೆ ಇಡುವುದು, ಗೊಬ್ಬರದ ನೀರು ಹಾಕುವುದು ಆಗಲೇ. ಅದು ಹುಸಿ ಚಿಗುರು. ಬೇರು ಇನ್ನೂ ಬಂದಿಲ್ಲ, ಕಾಂಡದ ಕಣಜದಿಂದ ತಿಂದು ಬಂದ ಚಿಗುರು ಅದು. ನಾಲ್ಕನೇ ವಾರದ ಹೊತ್ತಿಗೆ ಕುಡಿ ತಲೆ ಬಾಗಿಸಿದರೆ ನೀರು ಸುರಿಯಬೇಡಿ, ಕವರನ್ನು ಮತ್ತೆ ಹೊದಿಸಿ ಇನ್ನಷ್ಟು ನೆರಳಿಗೆ ಸರಿಸಿ. ಬೇರು ಬಂತೇ ಎಂದು ಎಳೆದು ನೋಡುವುದೂ ಬೇಡ. ಚಿಗುರು ನಿಲ್ಲದೆ ಬೆಳೆಯುತ್ತಾ ಗೇಣು ಮುಟ್ಟಿ, ಅದರ ಬುಡ ಹಸಿರಿನಿಂದ ಕಂದಿಗೆ ತಿರುಗಿ, ಮುಳ್ಳು ಗಟ್ಟಿಯಾದಾಗ ಬೇರು ಬಂದಿದೆ ಎಂದರ್ಥ. ಸಾಮಾನ್ಯವಾಗಿ ಆರರಿಂದ ಎಂಟು ವಾರ. ಆಗ ಕವರಿಗೆ ದಿನಕ್ಕೊಂದು ತೂತು ಹೆಚ್ಚಿಸುತ್ತಾ ವಾರದಲ್ಲಿ ತೆಗೆದು, ಮೊದಲು ಬೆಳಗಿನ ಬಿಸಿಲಿಗೆ, ಎರಡು ವಾರದ ಮೇಲೆ ಪೂರ್ತಿ ಬಿಸಿಲಿಗೆ ಇಡಿ. ಆಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರ ಲೀಟರಿಗೆ 1 ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಡಬಹುದು.

ಬೋನ್ಸಾಯ್ ಎಂದ ಮಾತ್ರಕ್ಕೆ ಟಿವಿ ಪಕ್ಕದ ಅಲಂಕಾರ ಎಂದುಕೊಳ್ಳಬೇಡಿ. ಇಲ್ಲಿ ಹೇಳಿದ ಯಾವ ಗಿಡವೂ ಮನೆಯೊಳಗಿನ ಕಡಿಮೆ ಬೆಳಕಿನಲ್ಲಿ ಚೆನ್ನಾಗಿ ಬಾಳುವುದಿಲ್ಲ. ನೆಂಟರು ಬಂದ ದಿನ ಒಳಗೆ ತಂದು ಸಂಜೆ ಹೊರಗಿಡಿ.

ಮೊದಲ ರೂಪ

ಮೊದಲ ವರ್ಷ ತುದಿಯ ಹತ್ತಿರದ ಒಂದು ಚಿಗುರನ್ನು ಮುಂದಿನ ಕಾಂಡವೆಂದು ಆರಿಸಿ ಸ್ವೇಚ್ಛೆಯಾಗಿ ಬೆಳೆಯಲು ಬಿಡಿ. ಮೀಟರ್ ಉದ್ದವಾದರೂ ಚಿವುಟಬೇಡಿ. ಅದು ಕೆಳಗಿನ ಕಾಂಡದ ಅರ್ಧದಷ್ಟಾದರೂ ದಪ್ಪವಾದ ಮೇಲೆ ಮೋಟಾಗಿ ಸವರುವುದು. ಕೊಂಬೆಗಳಿಗೆ ನಾಲ್ಕೈದು ಚಿಗುರು ಉಳಿಸಿಕೊಂಡು, ಕಾಂಡದ ಒಂದೇ ಮಟ್ಟದಿಂದ ಎದುರುಬದುರಾಗಿ ಬಂದದ್ದರಲ್ಲಿ ಒಂದನ್ನು ತೆಗೆಯಿರಿ. ದಾಳಿಂಬೆಯ ಬುಡದಿಂದ ಏಳುವ ಕಂದುಗಳನ್ನು ಕಂಡ ಕೂಡಲೇ ಕಿತ್ತುಹಾಕಿ, ಅವು ಮೇಲಿನ ಕೊಂಬೆಯ ಅನ್ನ ಕಸಿಯುತ್ತವೆ. ಯಾವ ಕೊಂಬೆ ಎಲ್ಲಿಂದ ಹೊರಟರೆ ಚಂದ ಎಂಬುದು ಓದಿ ಬರುವುದಲ್ಲ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನದಲ್ಲಿ ಗಿಡ ಕಣ್ಣಿನ ಮಟ್ಟಕ್ಕೆ ಬರುವಂತೆ ಬಗ್ಗಿ, ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿ ಬನ್ನಿ.

ತಂತಿ ಸುತ್ತಲು ಅಲ್ಯೂಮಿನಿಯಂ ತಂತಿ ಸಾಕು. ಕೊಂಬೆಯ ದಪ್ಪದ ಮೂರನೇ ಒಂದು ಭಾಗ ದಪ್ಪ, 45 ಡಿಗ್ರಿ ಓರೆ. ಕಾಗದದ ಹೂವಿನ ಕೊಂಬೆ ಹಸಿರು ಹೋಗಿ ಕಂದು ಬರುತ್ತಿರುವ ಹದದಲ್ಲಿ ಬಾಗುತ್ತದೆ. ಪೂರಾ ಬಲಿತದ್ದು ಟಕ್ ಎಂದು ಮುರಿಯುತ್ತದೆ, ಪೂರಾ ಎಳೆಯದು ಬುಡದಲ್ಲಿ ಸೀಳುತ್ತದೆ. ಬಾಗಿಸುವ ಎರಡು ದಿನ ಮೊದಲು ನೀರು ಕಡಿಮೆ ಮಾಡಿದರೆ ಕೊಂಬೆ ಮಣಿಯುತ್ತದೆ. ನಮ್ಮ ಮಳೆಗಾಲದ ಬೆಳವಣಿಗೆಗೆ ತಂತಿ ನಾಲ್ಕು ವಾರದಲ್ಲೇ ತೊಗಟೆಗೆ ಕಚ್ಚಬಹುದು, ಹದಿನೈದು ದಿನಕ್ಕೊಮ್ಮೆ ನೋಡುತ್ತಿರಿ. ತೆಗೆಯುವಾಗ ಬಿಚ್ಚದೆ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಕಾಗದದ ಹೂವಿನ ಸತ್ತ ಕಟ್ಟಿಗೆ ಮೆತು, ನಾರುನಾರು. ತೇವ ಹಿಡಿದರೆ ಬೇಗ ಲಡ್ಡಾಗುತ್ತದೆ. ಬೇಸಿಗೆಯಲ್ಲಿ ಗಟ್ಟಿ ಸಿಗುವ ತನಕ ಕೆತ್ತಿ, ಒಣಗಿಸಿ, ವರ್ಷಕ್ಕೊಮ್ಮೆ ಮುಲಾಮು ಬಳಿಯಿರಿ, ಮಣ್ಣು ಅದಕ್ಕೆ ತಾಗದಂತೆ ನೋಡಿಕೊಳ್ಳಿ.

ಚಪ್ಪಟೆ ಕುಂಡಕ್ಕೆ ಇಳಿಸುವುದು ಎರಡನೇ ಅಥವಾ ಮೂರನೇ ವರ್ಷ, ಮತ್ತೆ ಅದೇ ಎತ್ತುವ ಕಾಲದಲ್ಲಿ. ಕುಂಡದ ಆಳ ಹೆಚ್ಚುಕಡಿಮೆ ಬುಡದ ದಪ್ಪದಷ್ಟು, ಉದ್ದ ಗಿಡದ ಎತ್ತರದ ಮೂರನೇ ಎರಡು ಭಾಗ. ಆ ದಿನ ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಕೊಂಬೆಗೆ ತಂತಿಯನ್ನೂ ಅಂದೇ ಸುತ್ತಬೇಡಿ. ಕಾಗದದ ಹೂ ಹೊಸ ಕುಂಡದಲ್ಲಿ ನೆಲೆಗೊಂಡ ಮೇಲೆ, ಮಳೆ ನಿಂತ ಚಳಿಗಾಲದ ಕೊನೆಯಲ್ಲಿ, ಎಲೆ ಸ್ವಲ್ಪ ಜೋತುಬೀಳುವ ತನಕ ನೀರು ತಡೆದು ಆಮೇಲೆ ಕೊಡುತ್ತಾ ಬಂದರೆ ಹೊಸ ಕುಡಿಗಳಲ್ಲಿ ಹೂ ಹಿಡಿಯುತ್ತದೆ.